ಮಣಿಕಟ್ಟಿನ ರಬ್ಬರ್ ಬ್ಯಾಂಡ್

"ಎಲ್ಲಿದ್ದೀರಿ? ಎಲ್ಲಿ ಅಂದ್ರಿ? ಇನ್ನೊಂದ್ಸಲ ಹೇಳಿ!"

ಬೆಳಗಿನಿಂದ ಆ ಕೋಣೆಯಲ್ಲಿ ಕೇಳುತ್ತಿದ್ದುದು ಇದೊಂದೇ ಮಾತು. ಸಾಲಾಗಿ ಕೂತ ಹೆಂಗಸರು, ಕಿವಿಗೆ ಹೆಡ್‌ಫೋನು, ಎಲ್ಲರ ಬಾಯಲ್ಲೂ ಅದೇ. ಉಲುವಾ ನದಿ ಹಿಂದಿನ ದಿನವೇ ದಂಡೆ ಒಡೆದುಕೊಂಡು ಬಾಳೆತೋಟಗಳಿಗೆ ನುಗ್ಗಿತ್ತು. ಚಂಡಮಾರುತ ಬೆಟ್ಟದ ಕಡೆ ಹೋಗಿ ಅಲ್ಲೇ ಠಿಕಾಣಿ ಹೂಡಿತ್ತು, ಏಳುವ ಲಕ್ಷಣವೇ ಇರಲಿಲ್ಲ. ತೋಟದ ಕೇರಿಗಳ ಜನ ತಗಡಿನ ಛಾವಣಿ ಹತ್ತಿ ಕೂತು ಎಲ್ ಪ್ರೊಗ್ರೆಸೋ ಊರಿನ ಈ ತುರ್ತು ಕರೆಕೇಂದ್ರಕ್ಕೆ ಫೋನು ಮಾಡುತ್ತಿದ್ದರು. ಫೋನು ಸೇರುತ್ತಿತ್ತು. ದನಿ ಮಾತ್ರ ಚೂರುಚೂರಾಗಿ ಬರುತ್ತಿತ್ತು.

ಈ ಕಣಿವೆಯಲ್ಲಿ ವಿಳಾಸ ಅಂದರೆ ಬಾಗಿಲ ನಂಬರಲ್ಲ. ಹಳದಿ ಗೋಡೆಯ ಅಂಗಡಿಯಿಂದ ನದಿ ಕಡೆಗೆ ಎರಡು ಬೀದಿ, ಮಾವಿನ ಮರ ಇತ್ತಲ್ಲ ಅಲ್ಲಿ ತಿರುಗಿ, ಡಾನ್ ಚೆಪೆಯ, ಅಂದರೆ ಚೆಪೆ ಯಜಮಾನರ, ಗ್ಯಾರೇಜಿನ ಎದುರು ಹಸಿರು ಗೇಟು. ಮರವನ್ನು ಕಡಿದು ಎಷ್ಟೋ ವರ್ಷವಾಗಿದ್ದರೂ ವಿಳಾಸದಿಂದ ಅದನ್ನು ಯಾರೂ ಕಡಿದಿಲ್ಲ. ಇಂಥ ವಿಳಾಸದಲ್ಲಿ ನಡುವಿನ ಒಂದು ಮಾತು ಬಿದ್ದುಹೋದರೆ ದೋಣಿ ಬೇರೆ ಕೇರಿಗೆ ಹೋಗುತ್ತದೆ. ಆ ಬೆಳಿಗ್ಗೆ ಹಾಗೆ ಹೋಗಿಯೂ ಇತ್ತು. ದೋಣಿಯವರು ಖಾಲಿ ಛಾವಣಿಗಳನ್ನು ನೋಡಿ ವಾಪಸ್ಸು ಬಂದಿದ್ದರು. ಅವರು ಹೋಗಬೇಕಿದ್ದ ಛಾವಣಿ ಯಾವುದು, ಅಲ್ಲಿದ್ದವರು ಏನಾದರು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಡಿಲ್ಸಿಯಾ ಬುಸ್ತಿಯೋ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಲ್ಲಿನ ಯಂತ್ರಗಳನ್ನೆಲ್ಲ ನೋಡಿಕೊಳ್ಳುವವಳು ಅವಳೊಬ್ಬಳೇ. ಎಲ್ಲರಿಗೂ ಅವಳು 'ಇಂಹೆ', ಅಂದರೆ ಇಂಜಿನಿಯರಮ್ಮ. ಅವಳ ಮನೆಯವರ ಸುದ್ದಿ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳ ತಾಯಿ ಮಾಮಾ ಚಿಲಾ, ಡಿಲ್ಸಿಯಾಳ ಏಳು ವರ್ಷದ ಮಗಳು ಯೆರ್ಲಿನ್‌ಳನ್ನು ಕರೆದುಕೊಂಡು ಬೆಳಿಗ್ಗೆ ನೆರೆಮನೆಯವನ ಪಿಕಪ್ ಗಾಡಿಯಲ್ಲಿ ಊರಿನ ಕಡೆ ಹೊರಟಿದ್ದಳು. 'ಹೊರಟ್ವಿ ಮಿಹಾ', ಅಂದರೆ ಹೊರಟ್ವಿ ಮಗಳೇ, ಎಂದು ಸಂದೇಶ ಬಂದಿತ್ತು. ಗಾಡಿ ಬರಲಿಲ್ಲ. ಮನೆಯಲ್ಲೂ ಇಲ್ಲ, ಊರಲ್ಲೂ ಇಲ್ಲ, ನಡುವಿನ ಯಾವುದೋ ಕೇರಿಯಲ್ಲಿ. ಈ ಕಡೆಯಿಂದ ಮಾಡಿದರೆ ಫೋನು ಸತ್ತಂತಿತ್ತು. ಚಾರ್ಜು ಉಳಿಸಲು ಆರಿಸಿಟ್ಟಿರಬೇಕು ಎಂದು ಡಿಲ್ಸಿಯಾ ತನಗೆ ತಾನೇ ಹೇಳಿಕೊಂಡಿದ್ದಳು. ಹಾಗೆ ಹೇಳಿಕೊಳ್ಳದಿದ್ದರೆ ಅವಳ ಕೈ ಕೀಲಿಮಣೆಯ ಮೇಲೆ ನಿಲ್ಲುತ್ತಿರಲಿಲ್ಲ.

ಕೇಂದ್ರದ ಮುಖ್ಯಸ್ಥ ಡಾನ್ ಎವೆಲಿಯೋ ಬೆನ್ನ ಹಿಂದೆ ನಿಂತು ಕರವಸ್ತ್ರ ಹಿಂಡುತ್ತಿದ್ದ.

"ಕೇಬಲ್ ನಾನು ದಪ್ಪದ್ದೇ ಹಾಕ್ಸಿದ್ದೀನಲ್ಲ ಇಂಹೆ! ಹೋದ ವರ್ಷಾನೇ ಹೇಳಿ ಹಾಕ್ಸಿದ್ದು!"

"ಕೇಬಲ್ ಅರ್ಧ ಖಾಲಿ ಇದೆ ಡಾನ್ ಎವೆಲಿಯೋ. ಇದು ಭಾರದ ತೊಂದ್ರೆ ಅಲ್ಲ, ಎಣಿಕೆ ತೊಂದ್ರೆ."

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಆತುರವೂ ಇರಲಿಲ್ಲ, ಬೈಯಲು ಯಾರಾದರೂ ಸಿಕ್ಕರೆ ಸಾಕಿತ್ತು. ವಿಷಯ ಇಷ್ಟೇ. ಫೋನಿನಲ್ಲಿ ಆಡಿದ ಮಾತನ್ನು ಯಂತ್ರ ಚಿಕ್ಕಚಿಕ್ಕ ಚೂರು ಮಾಡಿ, ಒಂದೊಂದನ್ನೂ ಒಂದೊಂದು ಲಕೋಟೆಯಲ್ಲಿ ಹಾಕಿ ಕಳಿಸುತ್ತದೆ. ಒಬ್ಬ ಮನುಷ್ಯ ಒಂದು ಕ್ಷಣ ಮಾತಾಡಿದರೆ ಐವತ್ತು ಲಕೋಟೆ. ಕಣಿವೆಯೇ ಒಟ್ಟಿಗೆ ಕೂಗಿದರೆ ಲೆಕ್ಕವಿಲ್ಲ. ಲಕೋಟೆಗಳು ಹಗುರ, ಆದರೆ ಒಂದೊಂದು ಬಂದಾಗಲೂ ಕರೆಗಳನ್ನು ಹಂಚುವ ದೊಡ್ಡ ಯಂತ್ರದ ಬಾಗಿಲ ಗಂಟೆ ಬಾರಿಸುತ್ತದೆ, ಯಾರಾದರೂ ಎದ್ದು ತೆಗೆದುಕೊಳ್ಳಬೇಕು. ಆ ಯಂತ್ರಕ್ಕೆ ಎಂಟು ಮಿದುಳು. ಗಂಟೆ ಮಾತ್ರ ಮೊದಲನೆಯದಕ್ಕೇ ಕೇಳುವಂತೆ ಕೂರಿಸಿತ್ತು. ಮದುವೆ ಮನೆಯಲ್ಲಿ ಒಬ್ಬಳೇ ರೊಟ್ಟಿ ತಟ್ಟುತ್ತ, ಉಳಿದ ಏಳು ಜನ ಕಾಲು ಚಾಚಿ ಕೂತಂತೆ. ಬಾಗಿಲಲ್ಲಿಟ್ಟ ಬುಟ್ಟಿ ತುಂಬಿ, ಮೇಲೆ ಬಂದ ಲಕೋಟೆಗಳು ನೆಲಕ್ಕೆ ಬೀಳುತ್ತಿದ್ದವು. ಬಿದ್ದ ಲಕೋಟೆಯಲ್ಲಿ ಯಾರದೋ ಬೀದಿಯ ಹೆಸರು ಇರುತ್ತಿತ್ತು.

ಮದ್ದು ಅವಳಿಗೆ ಗೊತ್ತಿತ್ತು. ಬುಟ್ಟಿ ದೊಡ್ಡದು ಮಾಡಬೇಕು. ಗಂಟೆಯನ್ನು ಎಂಟೂ ಮಿದುಳಿಗೆ ಹಂಚಬೇಕು. ಲಕೋಟೆಗೊಂದು ಸಲ ಬಾರಿಸುವ ಬದಲು ಹಿಡಿಯಷ್ಟು ಸೇರಿದ ಮೇಲೆ ಒಮ್ಮೆ ಬಾರಿಸು ಅನ್ನಬೇಕು. ಹಿಡಿ ತೀರ ದೊಡ್ಡದಾದರೆ ಮಾತು ತಡವಾಗಿ ಕೇಳುತ್ತದೆ, ಚಿಕ್ಕದಾದರೆ ಮತ್ತೆ ಅದೇ ಗೋಳು. ಕೈಗೆ ಪಳಗಿದ ಕೆಲಸವೇ. ಆದರೆ ಯಂತ್ರ ಇದ್ದದ್ದು ನದಿಯ ಆಚೆ, ಸಾನ್ ಪೆದ್ರೋ ನಗರದ ಬೀಗ ಹಾಕಿದ ಕೋಣೆಯಲ್ಲಿ. ಸೇತುವೆಯ ಮೇಲೆ ನೀರು. ಇಲ್ಲಿಂದಲೇ, ಲಕೋಟೆಗಳು ಹೋಗಿಬರುವ ಅದೇ ಬಾಗಿಲಿನಿಂದ ಒಳಹೊಕ್ಕು ಆ ಬಾಗಿಲನ್ನೇ ಬಿಚ್ಚಿ ಜೋಡಿಸಬೇಕು. ಬಾಗಿಲು ಮತ್ತೆ ತೆರೆಯದೆ ಹೋದರೆ? ಅಲ್ಲಿ ಗುಂಡಿ ಒತ್ತಲು ಒಂದು ನರಪಿಳ್ಳೆಯೂ ಇಲ್ಲ.

ಅದಕ್ಕೇ ಈ ಕಸುಬಿನವರಲ್ಲಿ ಒಂದು ರೂಢಿ ಇದೆ. ದೂರದ ಯಂತ್ರಕ್ಕೆ ಕೈ ಹಾಕುವ ಮೊದಲು ಅದಕ್ಕೊಂದು ಕಟ್ಟಳೆ ಹೇಳಿಡುವುದು: ಇನ್ನು ಅರ್ಧ ಗಂಟೆಗೆ ನಿನ್ನಷ್ಟಕ್ಕೆ ನೀನು ಆರಿ ಮತ್ತೆ ಹತ್ತಿಕೋ. ಕೆಲಸ ಕೆಟ್ಟು ಬಾಗಿಲು ಮುಚ್ಚಿಹೋದರೂ, ಯಂತ್ರ ಆರಿ ಎದ್ದಾಗ ಮಾಡಿದ್ದನ್ನೆಲ್ಲ ಮರೆತು ಹಳೆಯ ಸ್ಥಿತಿಗೆ ಬರುತ್ತದೆ. ಕೆಲಸ ಸರಿಹೋದರೆ ಕಟ್ಟಳೆಯನ್ನು ವಾಪಸ್ಸು ತೆಗೆದುಕೊಳ್ಳಬೇಕು. ಅದನ್ನು ಮರೆಯಬಾರದು. ಡಿಲ್ಸಿಯಾ ಮರೆಯದಿರಲು ಕೂದಲಿನ ರಬ್ಬರ್ ಬ್ಯಾಂಡ್ ಬಿಚ್ಚಿ ಎಡಗೈ ಮಣಿಕಟ್ಟಿಗೆ ಹಾಕಿಕೊಳ್ಳುತ್ತಿದ್ದಳು. ಕೂದಲು ಕೆದರಿಕೊಂಡು ಕೂತಿದ್ದಾಳೆ ಅಂದರೆ ಕಟ್ಟಳೆ ನಡೆಯುತ್ತಿದೆ ಎಂದರ್ಥ.

ಕಟ್ಟಳೆ ಹೇಳಿದಳು. ಬ್ಯಾಂಡ್ ಮಣಿಕಟ್ಟಿಗೆ ಹೋಯಿತು.

"ಒಂದ್ನಾಲ್ಕು ಉಸಿರಿನಷ್ಟು ಹೊತ್ತು ಎಲ್ಲಾ ಲೈನೂ ಕಟ್ ಆಗತ್ತೆ," ಎಂದು ಕೂಗಿದಳು. "ಆಮೇಲೆ ಮತ್ತೆ ಬರತ್ತೆ."

"ಬರ್ದಿದ್ರೆ?" ಎಂದಳು ಡೋನ್ಯಾ ಟೆಲ್ಮಾ. ಕರೆ ತೆಗೆದುಕೊಳ್ಳುವವರಲ್ಲಿ ಅವಳೇ ಹಿರಿಯಳು, ಅದಕ್ಕೇ ಡೋನ್ಯಾ. ಮಾರುಕಟ್ಟೆಯಲ್ಲಿ ಮೀನು ಮಾರಿ ಪಳಗಿದ ಗಂಟಲು.

"ಬರತ್ತೆ ಅಂದೆನಲ್ಲ!"

ಗುಂಡಿ ಒತ್ತಿದಳು, ಲೈನುಗಳೆಲ್ಲ ಕಡಿದವು. ತಗಡಿನ ಮೇಲಿನ ಮಳೆ ಕೇಳಿಸಿತು. ಆಮೇಲೆ ಫೋನುಗಳು ಒಂದರ ಹಿಂದೊಂದು ಬಡಿದುಕೊಂಡವು, ಮತ್ತು ಟೆಲ್ಮಾ ತನ್ನ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದು, "ಕೇಳ್ತಾ ಇದೆ! ಅಯ್ಯೋ ನನ್ನ ತಾಯಿ, ಆ ಮನೆ ಕೋಳಿ ಕೂಗೋದೂ ಕೇಳ್ತಾ ಇದೆ!" ಎಂದಳು.

ವಿಳಾಸಗಳು ಪೂರ್ತಿಯಾಗಿ ಬರತೊಡಗಿದವು, ಗ್ಯಾರೇಜು, ಮಾವಿನ ಮರ ಸಮೇತ. ರೇಡಿಯೋದಲ್ಲಿ ದೋಣಿಗಳಿಗೆ ಹೇಳುವವರಿಗೆ ಬಿಡುವಿಲ್ಲದಂತಾಯಿತು. ಡಿಲ್ಸಿಯಾ ಲೆಕ್ಕದ ಪರದೆಯ ಮೇಲೆ ಕಣ್ಣಿಟ್ಟು ಗಂಟೆಯ ಹಿಡಿಯನ್ನು ಒಂದಿಷ್ಟು ಹೆಚ್ಚು, ಒಂದಿಷ್ಟು ಕಡಿಮೆ ಮಾಡುತ್ತಿದ್ದಳು. ನೆಲಕ್ಕೆ ಬೀಳುವ ಲಕೋಟೆಗಳು ನಿಂತೇಹೋಗಿದ್ದವು. ಇನ್ನೊಂದು ಸಲ ನೋಡಿ ಖಾತ್ರಿ ಮಾಡಿಕೊಂಡು ಕಟ್ಟಳೆ ತೆಗೆಯೋಣ ಅಂದುಕೊಳ್ಳುತ್ತಿದ್ದಾಗ ಟೆಲ್ಮಾಳ ಗಂಟಲು ಕೋಣೆಯನ್ನು ಸೀಳಿತು.

"ಇಂಹೆ! ಓಡಿ ಬಾ! ನಿಮ್ಮಮ್ಮ ಲೈನಲ್ಲಿದ್ದಾರೆ!"

ಡಿಲ್ಸಿಯಾ ಹೇಗೆ ಅಲ್ಲಿಗೆ ಮುಟ್ಟಿದಳೋ ಅವಳಿಗೇ ತಿಳಿಯದು. ಕುರ್ಚಿ ಮಗುಚಿಬಿದ್ದಿತ್ತು. ಹೆಡ್‌ಫೋನು ತಲೆಗೆ ಏರಿಸಲು ಹೋದರೆ ಬಿಚ್ಚಿದ ಕೂದಲು ಅದಕ್ಕೆ ಸಿಕ್ಕಿಕೊಂಡಿತು, ಕಿವಿಗೆ ಅಡ್ಡ ಬಂತು. ಕೈಗೆ ಸಿಕ್ಕಿದ್ದರಲ್ಲಿ ಕೂದಲನ್ನು ಬಿಗಿದು ಕಟ್ಟಿ ಹೆಡ್‌ಫೋನು ಹಾಕಿಕೊಂಡಳು.

"ಅಮ್ಮಾ! ಎಲ್ಲಿದ್ದೀ?"

"ಯಾರು, ಡಿಲ್ಸಿಯಾನಾ? ಅಯ್ಯೋ ಮಿಹಾ, ನಿನ್ನ ದನಿ ಕೇಳಿ ಜೀವ ಬಂದ ಹಾಗಾಯ್ತು. ಫೋನ್ ತಗೊಂಡ ಆ ಸೆನ್ಯೋರಾ ಎಷ್ಟು ಒಳ್ಳೇವ್ರು, ಮೊದ್ಲು ಅವ್ರಿಗೆ ನನ್ನ ಕಡೆಯಿಂದ..."

"ಎಲ್ಲಿದ್ದೀ ಅಂತ ಹೇಳಮ್ಮ ಮೊದ್ಲು!"

"ಹೇಳ್ತೀನಿ ಕಣೇ, ಹೇಳ್ತೀನಿ. ಮಗು ನೆಂದಿದೆ ಅಷ್ಟೇ, ಏನೂ ಆಗಿಲ್ಲ. ನೀನು ಗಾಬರಿ ಬೀಳ್ಬೇಡ. ದನಿ ಯಾಕೋ ಸೊರಗಿದೆ, ಊಟ ಮಾಡ್ದ್ಯಾ?"

"ಅಮ್ಮಾ!"

"ಸರಿ, ಸರಿ. ಗಾಡಿ ಕೆಟ್ಟು ನಿಂತ್ಮೇಲೆ ನಾವು ನಡ್ಕೊಂಡೇ ಬಂದ್ವಿ. ಚರ್ಚು ಇದ್ಯಲ್ಲ, ಅದನ್ನ ದಾಟಿ..."

ದನಿ ನಿಂತಿತು.

ಚೂರಾಗಲಿಲ್ಲ, ತೊದಲಲಿಲ್ಲ. ನಿಂತೇಹೋಯಿತು. ಸಾಲಿನಲ್ಲಿ ಎಲ್ಲರೂ ಹಲೋ ಹಲೋ ಎನ್ನುತ್ತ ಒಬ್ಬರ ಮುಖ ಒಬ್ಬರು ನೋಡಿದರು. ಡಿಲ್ಸಿಯಾ ಎಡಗೈ ಮಣಿಕಟ್ಟು ಮುಟ್ಟಿಕೊಂಡಳು. ಬರಿದಾಗಿತ್ತು. ಕೈ ನಿಧಾನವಾಗಿ ತಲೆಯ ಹಿಂದಕ್ಕೆ ಹೋಯಿತು, ಅಲ್ಲಿ ರಬ್ಬರ್ ಬ್ಯಾಂಡ್ ಸಿಕ್ಕಿತು.

"ನಾನೇ," ಎಂದಳು. "ನಾನೇ ಮಾಡಿದ್ದು. ಕಟ್ಟಳೆ ತೆಗೆಯೋದು ಮರ್ತೆ."

"ಏನು? ಏನು ಮಾಡ್ದೆ?" ಎಂದ ಡಾನ್ ಎವೆಲಿಯೋ. ಬೈಯಲು ಕೊನೆಗೂ ಒಬ್ಬರು ಸಿಕ್ಕಿದ್ದರು, ಆದರೆ ಅವಳ ಮುಖ ನೋಡಿ ಅವನು ಮತ್ತೆ ಕರವಸ್ತ್ರ ಹಿಂಡತೊಡಗಿದ.

ಟೆಲ್ಮಾ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. "ಬೈಯೋದನ್ನೆಲ್ಲ ಆಮೇಲೆ ಬೈತೀನಿ, ಚೆನ್ನಾಗೇ ಬೈತೀನಿ. ಅದು ಎದ್ದೇಳಕ್ಕೆ ಎಷ್ಟೊತ್ತು ಬೇಕು, ಹೇಳು."

ದೊಡ್ಡ ಯಂತ್ರಗಳು ಎದ್ದೇಳುವುದು ಜಮೀನ್ದಾರರ ಹಾಗೆ. ಮೈ ಮುರಿದು, ಆಕಳಿಸಿ, ತಮ್ಮ ಸೊತ್ತನ್ನೆಲ್ಲ ಒಂದು ಸಲ ಎಣಿಸಿ ನೋಡಿ, ಆಮೇಲೆ ಕಣ್ಣು ಬಿಡುತ್ತವೆ. ಡಿಲ್ಸಿಯಾ ಮೂಲೆಯಲ್ಲಿ ಕೂತು ಕಪ್ಪು ಪರದೆ ನೋಡುತ್ತಿದ್ದಳು. ಚರ್ಚು. ದಾರಿಯುದ್ದಕ್ಕೂ ಕೇರಿಗೊಂದು ಚರ್ಚು. ಅದನ್ನು ದಾಟಿ ಎಲ್ಲಿಗೆ? ಅಮ್ಮ ಎರಡು ಸಲ 'ಹೇಳ್ತೀನಿ' ಅಂದಿದ್ದಳು. ಊಟ ಮಾಡ್ದ್ಯಾ ಅಂತ ಕೇಳುವಷ್ಟು ಹೊತ್ತಿನಲ್ಲಿ ಕೇರಿಯ ಹೆಸರು ಬಂದುಬಿಡುತ್ತಿತ್ತು. ಅಮ್ಮನ ಮೇಲೆ ಸಿಟ್ಟು ಬಂತು, ಬಂದ ಸಿಟ್ಟಿಗೆ ಹೆದರಿಕೆಯಾಯಿತು. ಯೆರ್ಲಿನ್‌ಗೆ ಈಜು ಬರುವುದಿಲ್ಲ. ಕಲಿಸುತ್ತೇನೆ ಎಂದು ಬೇಸಿಗೆಯಲ್ಲಿ ಮಾತು ಕೊಟ್ಟಿದ್ದಳು.

ಡಾನ್ ಎವೆಲಿಯೋ ಸುಯಾಪಾ ಮಾತೆಯ ಪಟದ ಮುಂದೆ ಮೇಣದಬತ್ತಿ ಹಚ್ಚಿದ. ಅದು ಜನರೇಟರಿನ ಡೀಸೆಲ್ ಕ್ಯಾನಿನ ಪಕ್ಕದಲ್ಲೇ ಇತ್ತು. ಟೆಲ್ಮಾ ಎದ್ದು ಹೋಗಿ ಮೇಣದಬತ್ತಿಯನ್ನು ಕಿಟಕಿಗೆ ಸರಿಸಿ ಬಂದಳು. ಸಾಲಿನವರಿಗೆಲ್ಲ ಹೇಳಿದಳು: "ಲೈನ್ ಬಂದ ತಕ್ಷಣ ನಮಸ್ಕಾರ ಬೇಡ, ದೇವರು ಒಳ್ಳೇದು ಮಾಡ್ಲಿ ಬೇಡ. ಎಲ್ಲಿ, ಎಷ್ಟು ಜನ, ಅಷ್ಟೇ. ಮರ, ಅಂಗಡಿ ಎಲ್ಲಾ ಈಗ ನೀರೊಳಗಿದೆ. ಈಗ ಕಣ್ಣಿಗೆ ಏನು ಕಾಣತ್ತೆ ಅಂತ ಕೇಳಿ."

ಯಂತ್ರ ಎದ್ದಿತು. ಫೋನುಗಳು ಬಡಿದುಕೊಂಡವು. ದನಿಗಳು ಮತ್ತೆ ಚೂರುಚೂರು.

ಡಿಲ್ಸಿಯಾ ಎಲ್ಲವನ್ನೂ ಮೊದಲಿನಿಂದ ಮಾಡತೊಡಗಿದಳು. ಮೊದಲು ಕಟ್ಟಳೆ. ಅದಿಲ್ಲದೆ ಮಾಡುವ ಎದೆ ಅವಳಿಗಿರಲಿಲ್ಲ. ಬಾಗಿಲು ಮುಚ್ಚಿಹೋದರೆ ಕಣಿವೆಗೇ ಗಂಟಲಿಲ್ಲ. ರಬ್ಬರ್ ಬ್ಯಾಂಡನ್ನು ಕೂದಲಿನಿಂದ ಕಿತ್ತಳು. ಮಣಿಕಟ್ಟನ್ನು ಈಗ ನಂಬುವಂತಿರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಬಾಯಲ್ಲಿ ಇದು ಇರುವವರೆಗೆ ಯಾರ ಜೊತೆಯೂ ಮಾತಾಡಲಾರೆ, ಅಮ್ಮನ ಜೊತೆಯೂ. ಗಂಟೆ ಹಂಚುವ ಮಾತನ್ನು ಬರೆದಳು. ಹಿಡಿಯ ಅಳತೆ ಬರೆದಳು. ಕೊನೆಯದು ಬುಟ್ಟಿ ದೊಡ್ಡದು ಮಾಡುವುದು. ಬಾಗಿಲು ಮುಚ್ಚಿ ತೆರೆಯುವುದು ಅದರಿಂದಲೇ. ಒತ್ತಿದರೆ ಆ ಕ್ಷಣ ಮಾತಾಡುತ್ತಿರುವವರೆಲ್ಲರ ಲೈನು ಕಡಿದುಹೋಗುತ್ತದೆ.

ಬೆರಳು ಗುಂಡಿಯ ಮೇಲಿತ್ತು.

"ಇಂಹೆ..." ಟೆಲ್ಮಾಳ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು. "ಒಂದು ನಿಮಿಷ ತಡಿ. ನಿಮ್ಮಮ್ಮ."

ಟೆಲ್ಮಾ ಸ್ಪೀಕರ್ ಹಾಕಿದಳು. ಕೋಣೆಗೆ ದನಿಯ ತುಣುಕುಗಳು ಬಿದ್ದವು. "...ಟರಿ... ಕೆಂಪು... ಮಿಹ... ನೀರು ಬ... ಕೆಂಪ..."

"ಕೆಂಪು ಅಂದ್ರೆ ಏನಮ್ಮಾ? ಬ್ಯಾಟರಿ ಕೆಂಪಾ, ಮನೆ ಕೆಂಪಾ? ಹಲೋ!" ಟೆಲ್ಮಾ ಡಿಲ್ಸಿಯಾ ಕಡೆ ತಿರುಗಿದಳು. "ಫೋನು ಸಾಯ್ತಾ ಇದೆ ಅನ್ಸತ್ತೆ ಕಣೇ. ಇದು ಕಟ್ ಆದ್ರೆ ಮತ್ತೆ ಬರತ್ತೋ ಇಲ್ವೋ."

ಇನ್ನೊಂದು ಗಳಿಗೆ ತಡೆದರೆ ಮುಂದಿನ ಮಾತು ಪೂರ್ತಿ ಬಂದರೂ ಬಂದೀತು. ಕೇರಿಯ ಹೆಸರು ಒಂದೇ ಮಾತು. ಒಂದೇ ಮಾತು ಸಾಕಿತ್ತು. ಪಕ್ಕದ ಮೇಜುಗಳಿಂದ ಎಲ್ಲಿ, ಎಲ್ಲಿ, ಎಲ್ಲಿ ಎಂಬ ಕೂಗು. ಅವರ ಕಿವಿಗಳಲ್ಲೂ ಯಾರದೋ ಅಮ್ಮ ತುಣುಕಾಗಿ ಬೀಳುತ್ತಿದ್ದಳು. ತಡೆದರೆ ಯಾರ ಮಾತೂ ಪೂರ್ತಿ ಬರುವುದಿಲ್ಲ, ಅಮ್ಮನದೂ ಬರುವುದಿಲ್ಲ. ಇದನ್ನು ಅವಳ ತಲೆ ಬಲ್ಲದು. ಕೈ ಒಪ್ಪಲಿಲ್ಲ. "...ಮಿಹ..." ಎಂದಿತು ಸ್ಪೀಕರ್.

ಅವಳು ಕಣ್ಣು ಮುಚ್ಚಿ ಒತ್ತಿದಳು.

ಮಳೆ ಕೇಳಿಸಿತು. ಯಾರೂ ಅವಳ ಕಡೆ ನೋಡಲಿಲ್ಲ. ಆಮೇಲೆ ಫೋನುಗಳು ಬಡಿದುಕೊಂಡವು, ದನಿಗಳು ತಿಳಿಯಾಗಿ ಬಂದವು, ಟೆಲ್ಮಾಳ ಲೈನಿನಲ್ಲಿ ಯಾವನೋ ಗಂಡಸು ಸೋಡಾ ಅಂಗಡಿಯ ಬೋರ್ಡು ಕಾಣುತ್ತಿದೆ ಅಂದ. ಟೆಲ್ಮಾ ಅವನಿಗೆ ಚುರುಕಾಗಿ ಕೇಳಿ ಮುಗಿಸಿದಳು. ಮುಂದಿನದು ಒಬ್ಬ ಮುದುಕ. ಅದರ ಮುಂದಿನದು ಅಳು, ಬರೀ ಅಳು.

ಡಿಲ್ಸಿಯಾ ಲೆಕ್ಕದ ಪರದೆ ನೋಡಿದಳು. ಒಂದೂ ಬೀಳುತ್ತಿರಲಿಲ್ಲ. ಕಟ್ಟಳೆ ತೆಗೆಯುವ ಸಾಲು ಬರೆದಳು, ತಪ್ಪಾಯಿತು. ಮತ್ತೆ ಬರೆದಳು, ಮತ್ತೆ ತಪ್ಪು. ಮೂರನೆಯ ಸಲ ಯಂತ್ರ ಒಪ್ಪಿಕೊಂಡಿತು. ಒಪ್ಪಿಕೊಂಡಿದೆಯೋ ಇಲ್ಲವೋ ಎಂದು ಅವಳು ಅದನ್ನು ಕೇಳಿದಳು, ಉತ್ತರ ಓದಿದಳು, ನಂಬದೆ ಇನ್ನೊಮ್ಮೆ ಕೇಳಿದಳು. ಬ್ಯಾಂಡ್ ಹಲ್ಲಿನಲ್ಲೇ ಇತ್ತು.

"ಶುಭ ಮಧ್ಯಾಹ್ನ ಸೆನ್ಯೋರಾ, ದೇವರು ನಿಮಗೆ ಒಳ್ಳೇದು ಮಾಡ್ಲಿ."

ಸ್ಪೀಕರಿನಲ್ಲಿ ಪುಟ್ಟ ದನಿ. ಅಜ್ಜಿ ಕಲಿಸಿದ ಹಾಗೆ, ಒಂದಕ್ಷರ ಬಿಡದೆ. ಕೋಣೆಯಲ್ಲಿ ಅದನ್ನು ತಡೆಯುವ ಧೈರ್ಯ ಟೆಲ್ಮಾಳಿಗೂ ಇರಲಿಲ್ಲ.

"ಹೇಳು ಪುಟ್ಟಾ. ಅಜ್ಜಿ ಎಲ್ಲಿ?"

"ಅಜ್ಜಿ ಕೆಳಗಿದ್ದಾರೆ. ನನ್ನ ಮೇಲೆ ಹತ್ಸಿ ಏಣಿ ಹಿಡ್ಕೊಂಡಿದ್ದಾರೆ. ನೀರು ಇಲ್ಲಿವರ್ಗೂ ಬಂದಿದೆ."

"ಇಲ್ಲಿವರ್ಗೂ ಅಂದ್ರೆ ಎಲ್ಲಿವರ್ಗೂ?"

"ಇಲ್ಲಿವರ್ಗೂ," ಎಂದಿತು ಮಗು. ಅದು ಕೈಯಲ್ಲಿ ತೋರಿಸುತ್ತಿತ್ತು.

ಟೆಲ್ಮಾ ಕಣ್ಣು ಒರೆಸಿಕೊಂಡಳು. ದನಿಯಲ್ಲಿ ಅದು ಗೊತ್ತಾಗದಂತೆ ನೋಡಿಕೊಂಡಳು. "ಜಾಣೆ. ಈಗ ಸುತ್ತ ನೋಡು. ಏನು ಕಾಣತ್ತೆ?"

"ನೀರು."

"ನೀರಿನ ಜೊತೆಗೆ?"

"ಚರ್ಚಿನ ಶಿಲುಬೆ. ಬರೆಯೋ ಕೈ ಕಡೆ. ಅದರ ಪಕ್ಕ ಬಾಳೆಕಾಯಿ ತೊಳೆಯೋ ದೊಡ್ಡ ಶೆಡ್ಡು, ಮೇಲೆ ನೀಲಿ ನಕ್ಷತ್ರ ಬಿಡಿಸಿದ್ದಾರೆ. ನಾನು ಕೆಂಪು ಟ್ಯಾಂಕಿ ಹತ್ರ ಕೂತಿದ್ದೀನಿ. ಅಜ್ಜಿ ಕೆಂಪು ಟ್ಯಾಂಕಿ ಅಂತ ಹೇಳು ಅಂದ್ರು. ಫೋನು ಟೂಂಯ್..."

ಅಷ್ಟಕ್ಕೆ ಫೋನು ಸತ್ತಿತು. ಈ ಸಲ ಡಿಲ್ಸಿಯಾ ಕೊಂದದ್ದಲ್ಲ.

ನೀಲಿ ನಕ್ಷತ್ರದ ಶೆಡ್ಡು ಒಂದೇ ಕೇರಿಯಲ್ಲಿರುವುದು. ಟೆಲ್ಮಾ ರೇಡಿಯೋ ಹಿಡಿದು ದೋಣಿಯ ಡಾನ್ ಲಿಚೋಗೆ ಹೇಳಿದಳು. ಹೋಗ್ತಿದ್ದೀನಿ ಎಂದಿತು ರೇಡಿಯೋ. ಡಿಲ್ಸಿಯಾ ಜಾಗ ಬಿಟ್ಟು ಏಳಲಿಲ್ಲ. ಗಂಟೆಯ ಹಿಡಿ ನೋಡಿದಳು, ಬುಟ್ಟಿ ನೋಡಿದಳು. ಆ ಅಂಕಿಗಳಿಂದ ಕಣ್ಣು ತೆಗೆದರೆ ಏಣಿ ಕಾಣುತ್ತಿತ್ತು.

ಎಷ್ಟು ಹೊತ್ತಾಯಿತೋ. ರೇಡಿಯೋ ಗರಗರ ಎಂದಿತು.

"ಕೆಂಪು ಟ್ಯಾಂಕಿ ಸಿಕ್ತು. ಶೀಟಿನ ಮೇಲೆ ಒಂದು ಹುಡುಗಿ ಇದ್ದಾಳೆ."

"ಒಂದೇನಾ?" ಎಂದಳು ಟೆಲ್ಮಾ. "ಏಣಿ ನೋಡಿ ಡಾನ್ ಲಿಚೋ, ಏಣಿ!"

"ಏಣಿ ಕಾಣ್ತಿಲ್ಲ."

ಕೋಣೆಯಲ್ಲಿ ಯಾರೋ ದೇವರ ಹೆಸರು ಹೇಳಿದರು. ಡಿಲ್ಸಿಯಾ ಪರದೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ರೇಡಿಯೋದಲ್ಲಿ ಮೋಟಾರಿನ ಸದ್ದು, ಯಾರೋ ಕಿರುಚಿದ್ದು, ಮತ್ತೆ ಮೋಟಾರು.

"ಆ ಕಡೆ ಗೋಡೆ ಹತ್ರ ಇದ್ದಾಳೆ ಮುದುಕಿ. ಟ್ಯಾಂಕಿ ಪೈಪು ತಬ್ಬಿಕೊಂಡು, ಕತ್ತಿನವರೆಗೂ ನೀರು. ಎಷ್ಟು ಎಳೆದ್ರೂ ಪೈಪು ಬಿಡ್ತಿಲ್ಲ, ಒಂದೊಂದೇ ಬೆರಳು ಬಿಡಿಸ್ತಾ ಇದ್ದೀವಿ." ನೀರು ಬಡಿದ ಸದ್ದು. "ಜೀವ ಇದೆ. ದೋಣಿಗೆ ಹಾಕ್ಕೊಂಡ್ವಿ. ಹಲ್ಲು ಕಟಕಟ ಅಂತಿದೆ, ಏನೋ ಕೇಳ್ತಿದ್ದಾಳೆ. ಏನಮ್ಮಾ? ಹಾ? ಇಂಹೆ ಊಟ ಮಾಡಿದ್ಲಾ ಅಂತ ಕೇಳಿ ಅಂತಿದ್ದಾಳೆ."

ಟೆಲ್ಮಾ ರೇಡಿಯೋವನ್ನು ತಂದು ಡಿಲ್ಸಿಯಾಳ ಮುಖದ ಮುಂದೆ ಹಿಡಿದಳು. "ಹೇಳೇ. ಉತ್ತರ ಕೊಡು ನಿಮ್ಮಮ್ಮನಿಗೆ."

ಡಿಲ್ಸಿಯಾ ಬಾಯಿ ತೆರೆಯಲು ನೋಡಿದಳು. ಹಲ್ಲು ಬಿಟ್ಟುಕೊಳ್ಳಲಿಲ್ಲ. ದವಡೆ ಕಚ್ಚಿಕೊಂಡು ನಿಂತುಬಿಟ್ಟಿತ್ತು, ಅವಳದಲ್ಲವೆಂಬ ಹಾಗೆ. ಟೆಲ್ಮಾ ಮೇಜಿನ ಮೇಲೆ ರೇಡಿಯೋ ಇಟ್ಟು, ಅವಳ ಕೆನ್ನೆಗಳನ್ನು ಎರಡೂ ಕಡೆ ನಿಧಾನವಾಗಿ ತಿಕ್ಕಿ, ಹಲ್ಲಿನ ನಡುವಿನಿಂದ ರಬ್ಬರ್ ಬ್ಯಾಂಡನ್ನು ಬಿಡಿಸಿ ತೆಗೆದಳು.